ಕಂಬದ ಬುಡದ ಖಾಲಿ ಜಾಗ

"ಆ ಕಲೆ ಮಾತ್ರ ತೊಳೀಬೇಡ ಕಣಮ್ಮ," ಎಂದರು ಅತ್ತೆ. "ಈ ಗುಡಿ ಚಿತ್ರ ಕೊರೆದೋನ ಕಣ್ಣು ಕೀಳಿಸಿದ್ರಂತೆ. ಅವನು ಮಾಟ ಮಾಡಿಯೇ ಸತ್ತಿದ್ದು. ಆ ಜಾಗ ಖಾಲಿಯಾದ್ರೆ ಗುಡಿ ಆಳು ಕೇಳುತ್ತೆ."

ಹೊಸ ಸೊಸೆ ನಕ್ಕಳು. ಹಳೆಯ ಕಾಗದಗಳ ಕೊಳೆ ತೆಗೆಯುವುದನ್ನೇ ಓದಿ ಬಂದವಳು. ಚಿತ್ರಗಳಿಗೆ ಫ್ರೇಮ್ ಹಾಕುವ ಅತ್ತೆಯ ಅಂಗಡಿಗೆ ಕಾಲಿಟ್ಟು ತಿಂಗಳೂ ಆಗಿರಲಿಲ್ಲ.

"ಆಳಾ? ಊಟ-ವಸತಿ ಗುಡಿಯದ್ದೇನಾ ಅತ್ತೆ?"

ಅತ್ತೆ ಒಳಗೆ ಹೋದರು.

ಮೇಜಿನ ಮೇಲಿತ್ತು, ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಅಚ್ಚು ತೆಗೆದ ಹಳೆಯ ಚಿತ್ರ: ರೋಮನರ ಪಾಳುಗುಡಿ. ಮುರಿದುಬಿದ್ದ ತೊಲೆ, ಸೂರಿಲ್ಲದೆ ನಿಂತ ಕಂಬಗಳು, ಬಿರುಕಿನಿಂದ ಇಣುಕುವ ಬಳ್ಳಿ. ಎಡಗಂಬದ ಬುಡದಲ್ಲೊಂದು ಕಂದು ಕಲೆ.

"ಕಂಬ ಅಂದ್ರೆ ಅರಸರ ಸೊಕ್ಕು, ಬಳ್ಳಿ ಅಂದ್ರೆ ಕಾಲ," ಎಂದು ಗಂಡನಿಗೆ ಪಾಠ ಹೇಳಿದಳು. "ಕಂಬದ ಎತ್ತರ ತಿಳೀಲಿ ಅಂತ ಬುಡದಲ್ಲಿ ಒಬ್ಬ ಪುಟ್ಟ ಮನುಷ್ಯನ್ನ ನಿಲ್ಲಿಸ್ತಾರೆ. ಮನುಷ್ಯ ಎಷ್ಟು ಅಲ್ಪ ಅನ್ನೋದಕ್ಕೂ ಅವನೇ ಸಂಕೇತ. ಇದರಲ್ಲಿ ಅವನೇ ಇಲ್ಲ ನೋಡಿ."

"ಅಲ್ಪ ಮನುಷ್ಯ ಬೇಕಿದ್ರೆ ನಾನಿದೀನಲ್ಲ," ಎಂದ ಗಂಡ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡುತ್ತ.

ಉಗುರುಬೆಚ್ಚಗಿನ ನೀರಿನ ತಟ್ಟೆಗೆ ಚಿತ್ರ ಇಳಿಯಿತು. ಕುಂಚ ಸವರಿದಂತೆ ಕಲೆ ಬಿಟ್ಟುಕೊಂಡಿತು. ಹಸಿ ಸುಣ್ಣದ ವಾಸನೆ ಎದ್ದಿತು; ಅದರಡಿಯಿಂದ ಸುಟ್ಟ ಕೂದಲಿನ ಕಮಟು. ನಡುಮಧ್ಯಾಹ್ನದ ಬೆಳಕು ಕಿಟಕಿಯಲ್ಲೇ ಕಂದಿತು. ಎಲ್ಲೋ ಕಲ್ಲಿಗೆ ಕಲ್ಲು ತಿಕ್ಕುವ ಸದ್ದು. ಕಂಬದ ಬುಡ ಬೆಳ್ಳಗಾಯಿತು.

"ಲೇ, ಇಲ್ಲೇನೋ..." ಗಂಡ ಬಗ್ಗಿದ.

ಕತ್ತಲೆ. ಒಂದೇ ಉಸಿರಿನಷ್ಟು. ಬೆಳಕು ಮರಳಿತು. ಗಂಡ ಇರಲಿಲ್ಲ.

ನೀರಿನೊಳಗೆ, ಕಂಬದ ಬುಡದಲ್ಲಿ, ಪುಟ್ಟ ಮನುಷ್ಯನೊಬ್ಬ ನಿಂತಿದ್ದ. ಬರೀ ಗೆರೆಗಳವನು. ಮೂಗಿನ ತುದಿಯಲ್ಲಿ ಕನ್ನಡಕ. ಎರಡೂ ಕೈ ಬೀಸುತ್ತಿದ್ದ.

ಕಿರುಚಿದಳು. ಚಿತ್ರ ಮೇಲೆತ್ತಿದಳು. ನೀರು ಸೋರಿತು. ಅವನ ಕೈ ನಿಧಾನವಾಯಿತು. ನಿಲ್ಲತೊಡಗಿತು. ಮತ್ತೆ ಮುಳುಗಿಸಿದಳು. ಕೈ ಆಡಿತು.

ಅತ್ತೆ ಒಳಗಿಂದ ಓಡಿ ಬಂದರು. "ನೀರಲ್ಲೇ ಇರಲಿ ಕಣೇ! ತೆಗೀಬೇಡ. ನನ್ನ ಮಗ!"

ಹಳೆಯ ಕಾಗದ ನೀರಿನಲ್ಲಿ ಎಷ್ಟು ಹೊತ್ತು ತಾಳುತ್ತದೆಂದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅದನ್ನೇ ಓದಿದ್ದಳು.

ಸಂಜೆಗೆ ಅಂಚುಗಳು ನಾರುನಾರಾದವು. ಬಳ್ಳಿ ಕರಗಿತು. ತೊಲೆ ಕರಗಿತು. ಕರಗುವಿಕೆ ಅವನ ಪಾದದತ್ತ ತೆವಳಿತು. ಅವನು ಬೀಸುತ್ತಲೇ ಇದ್ದ.

ಅವಳು ಚಿತ್ರವನ್ನೆತ್ತಿ ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟಳು. ಅತ್ತೆ ಅವಳ ಜಡೆ ಹಿಡಿದು ಜಗ್ಗಿದರು. "ಕೊಲೆಗಾತಿ!"

"ಗೆರೆಯಾಗಿಯಾದ್ರೂ ಉಳೀಲಿ ಅತ್ತೆ."

ಕಲಿತ ಹಾಗೆಯೇ, ಎಲ್ಲೂ ಸುಕ್ಕಾಗದಂತೆ, ಸಮನಾಗಿ ಒತ್ತಿದಳು. ಅಂಗೈಯಡಿ ಏನೋ ಮಿಸುಕಿತು. ಒದ್ದಾಡಿತು. ಅವಳು ಕೈ ತೆಗೆಯಲಿಲ್ಲ.