ನಾಲ್ಕನೇ ಮೇಜಿನ ಅರ್ಥಿಂಗ್ ವೈರು

2025ರ ಫೆಬ್ರುವರಿ 11, ಮಂಗಳವಾರ, ಬೆಳಿಗ್ಗೆ 9.40. ನಾಸೀರ ಇಳಕಲ್ ಠಾಣೆಗೆ ಬಂದು ದೂರು ಬರೆಸಿದ. ಊರಿನ ಖಾಸಗಿ ಆಸ್ಪತ್ರೆಯಲ್ಲಿ ಅವನ ತಾಯಿ ದಸ್ತಗೀರಬಿಗೆ ರಕ್ತದೊತ್ತಡದ ಔಷಧ ಹನಿಸುತ್ತಿದ್ದ ಸಿರಿಂಜ್ ಪಂಪ್ ಹಿಂದಿನ ಮಧ್ಯಾಹ್ನ ಸದ್ದಿಲ್ಲದೆ ನಿಂತಿತ್ತು. ನರ್ಸ್ ನೋಡುವ ಹೊತ್ತಿಗೆ ಆಕೆ ತೀರಿಕೊಂಡಿದ್ದಳು.

"ಮಷೀನು ಕೂಗ್ಲೇ ಇಲ್ರಿ ಮೇಡಂ. ನಾ ಬಾಜೂಕ ಕುಂತಿದ್ದೆ."

ಇನ್‌ಸ್ಪೆಕ್ಟರ್ ಪದ್ಮಶ್ರೀ ನಿರ್ಲಕ್ಷ್ಯದಿಂದಾದ ಸಾವೆಂದು ಎಫ್‌ಐಆರ್ ದಾಖಲಿಸಿದರು. ಪಂಚನಾಮೆ ಮಾಡಿ, ಪಂಪಿಗೆ ಸೀಲು ಹಾಕಿ ಬಾಗಲಕೋಟೆಯ ತಜ್ಞರಿಗೆ ಕಳಿಸಿದರು.

ಹದಿನಾಲ್ಕರಂದು ತಜ್ಞರ ಫೋನ್ ಬಂತು. "ಒಳಗಿನ ಚಿಪ್ಪಿನಾಗ ಕೂದಲಕ್ಕಿಂತ ಸಣ್ಣ ತೂತು ಐತ್ರಿ. ಸ್ಥಿರ ವಿದ್ಯುತ್ತು. ಒಣ ಹವಾದಾಗ ಬಾಗಿಲ ಹಿಡಿಕಿ ಮುಟ್ಟಿದ್ರ ಚುರುಕ್ ಅಂತೈತಲ್ಲ, ಅದ. ಸರ್ಕ್ಯೂಟ್ ಬೋರ್ಡ್ ಜೋಡಿಸಿದವರ ಬೆರಳಿಂದ ಹಾದೈತಿ."

ಬೋರ್ಡಿನ ಮೇಲಿನ ನಂಬರಿನ ಪ್ರಕಾರ ಅದನ್ನು ಜೋಡಿಸಿದ್ದು ಊರ ಹೊರಗೆ ಅನಿಲಕುಮಾರ ನಡೆಸುವ ಸಣ್ಣ ಘಟಕದಲ್ಲಿ, ನಾಲ್ಕನೇ ಮೇಜಿನ ಮೇಲೆ. ಅದೇ ಮೇಜಿನ ಇನ್ನೂ ಒಂಬತ್ತು ಬೋರ್ಡುಗಳು ಜನವರಿಯಿಂದೀಚೆ ಪಂಪುಗಳೊಳಗೆ ಕೂತು ಜಿಲ್ಲೆಯಲ್ಲೆಲ್ಲ ಹೋಗಿದ್ದವು. ಅವನ್ನು ನಿಲ್ಲಿಸುವ ಕೆಲಸ ಕಾನ್‌ಸ್ಟೇಬಲ್ ಕಲ್ಲಪ್ಪನ ಪಾಲಿಗೆ ಬಂತು.

ಮರುದಿನ 11 ಗಂಟೆಗೆ ಪದ್ಮಶ್ರೀ ಘಟಕಕ್ಕೆ ಹೋದರು. ಆರು ಮೇಜು, ಆರು ಹೆಂಗಸರು. ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ಪಟ್ಟಿ. ಅದರ ತಂತಿ ಮೇಜಿಗೆ, ಮೇಜಿನಿಂದ ಹಸಿರು ವೈರಿನ ಮೂಲಕ ಭೂಮಿಗೆ. ಮೈಯಲ್ಲಿ ಸೇರಿದ ವಿದ್ಯುತ್ತು ಬೋರ್ಡಿಗೆ ತಾಗದೆ ಹಾಗೇ ಇಳಿದುಹೋಗಬೇಕು.

ನಾಲ್ಕನೇ ಮೇಜಿನಲ್ಲಿ ರಾಧಿಕಾ. ಬೇವೂರಿನಿಂದ ಮದುವೆಯಾಗಿ ಬಂದು ಆರು ತಿಂಗಳು. ಕೈತುಂಬ ಗಾಜಿನ ಬಳೆ.

"ಬಳಿ ಬ್ಯಾಡ ಅಂತ ನಮ್ಮಲ್ಲಿ ಮೊದಲಿಂದ ರೂಲ್ಸ್ ಐತ್ರಿ," ಎಂದ ಅನಿಲಕುಮಾರ. "ಗಾಜು ಇದ್ರ ಪಟ್ಟಿ ಮೈಗೆ ಸರಿಯಾಗಿ ಹತ್ತಂಗಿಲ್ಲ. ಆದ್ರ ಜನವರಿ ಸುರುವಿಗೆ ಈ ರಾಧಿಕಾನ ಅತ್ತಿ ಬಂದು, ಮುತ್ತೈದಿ ಬರಿಗೈಲೆ ಕುಂಡ್ರಬಾರ್ದು ಅಂತ ಜಗಳಾ ತೆಗದ್ಲು. ಹೂಂ ಅಂದೆ. ಮರುದಿನ ಐದು ಮಂದಿ ಹಾಕ್ಕೊಂಡ ಬಂದ್ರು."

"ನಂದೇ ತಪ್ಪೇನ್ರಿ?" ರಾಧಿಕಾ ಬಳೆಗಳನ್ನು ಸೆರಗಿನಡಿ ಸರಿಸಿದಳು.

ಪದ್ಮಶ್ರೀ ಟಾರ್ಚ್ ಹಿಡಿದು ಮೇಜಿನ ಕೆಳಗೆ ನುಸುಳಿದರು. ಹಸಿರು ವೈರು ನೋಡಲು ಸರಿಯಾಗಿಯೇ ಇತ್ತು. ಎಳೆದಾಗ ಮೇಲಿನ ಪ್ಲಾಸ್ಟಿಕ್ ಸರಿಯಿತು. ಒಳಗಿನ ತಾಮ್ರವನ್ನು ಯಾರೋ ಕತ್ತರಿಸಿದ್ದರು.

"ಇದು ಬಳಿ ಮಾಡಿದ ಕೆಲಸಲ್ಲ."

ಆರೂ ಜನರ ಕಟರ್‌ಗಳಿಂದ ಒಂದೊಂದು ವೈರು ಕತ್ತರಿಸಿ ನೋಡಿದರು. ಒಂದರ ಅಲಗು ಮುಕ್ಕಾಗಿತ್ತು. ಅದು ಬಿಟ್ಟ ಗೀರು ಮೇಜಿನ ಕೆಳಗಿನ ತುಂಡಿನಲ್ಲೂ ಇತ್ತು. ಆ ಕಟರ್ ಶಿವಬಸವ್ವಳದು. ನಲವತ್ತಾರರ ವಯಸ್ಸು, ರಾಧಿಕಾಳಿಗೆ ಕೆಲಸ ಕಲಿಸಿದವಳು.

ಠಾಣೆ, ಮಧ್ಯಾಹ್ನ 3.10.

"ಯಾಕ ಕತ್ತರಿಸಿದ್ರಿ?"

"ಬೋರ್ಡು ಟೆಸ್ಟಿನಾಗ ಫೇಲ್ ಆಗ್ತಾವಂತ ತಿಳದಿದ್ದೆ. ಬಳಿಯಿಂದ ಕೆಟ್ಟಾವಂತ ಸಾಹೇಬ್ರು ಮತ್ತ ಎಲ್ಲಾರದೂ ತೆಗಸ್ತಾರ ಅಂತ."

"ಫೇಲ್ ಆದ್ವು?"

"ಒಂದೂ ಆಗ್ಲಿಲ್ರಿ. ಹಂಗಾರ ಏನೂ ಆಗಿಲ್ಲಂತ ಸುಮ್ನಾದೆ."

"ಆ ಪೆಟ್ಟು ಟೆಸ್ಟಿನಾಗ ಕಾಣಂಗಿಲ್ಲವ್ವ. ಪಾಸಾಗಿ ಹೋಗಿ, ತಿಂಗಳ ಬಿಟ್ಟು ಸಾಯ್ತಾವ."

ಶಿವಬಸವ್ವ ತನ್ನ ಬರಿಗೈಗಳನ್ನು ನೋಡಿಕೊಂಡಳು. "ಯಾರೂ ಹೇಳಿದ್ದಿಲ್ರಿ," ಎಂದಳು.

4.50ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಅಲೀಮಾಳ ಸಮ್ಮುಖದಲ್ಲಿ ಬಂಧನ.

ಹೇಳಿಕೆಯ ಕೊನೆಯ ಪುಟ ಚಿಕ್ಕದು. ಗಂಡ ಸತ್ತು ಹನ್ನೊಂದು ವರ್ಷ. ಉಡಿ ತುಂಬುವ ಕಡೆ, ಅರಿಸಿನ ಹಚ್ಚುವ ಕಡೆ ಅವಳು ತಾನಾಗಿಯೇ ಹಿಂದೆ ಸರಿದು ನಿಲ್ಲುವುದನ್ನು ರೂಢಿಸಿಕೊಂಡಿದ್ದಳು. ಘಟಕದಲ್ಲಿ ಮಾತ್ರ ಎಲ್ಲರದೂ ಬರಿಗೈ. ಒಂಬತ್ತರಿಂದ ಐದರವರೆಗೆ ಅವಳು ಯಾರ ವಿಧವೆಯೂ ಆಗಿರಲಿಲ್ಲ. ಬಳೆಗಳು ಬಂದ ದಿನ ಆ ಕೋಣೆಯಲ್ಲೂ ಅವಳ ಕೈ ಬೇರೆಯಾಯಿತು. ಅದನ್ನು ದೂರೆಂದು ಹೇಳಲು ಅವಳ ಬಳಿ ಮಾತಿರಲಿಲ್ಲ.

ಕಲ್ಲಪ್ಪ ಒಳಗೆ ಬಂದ. "ಮೇಡಂ, ಎಂಟು ಬಂದ್ ಮಾಡಿಸೇನ್ರಿ. ಒಂಬತ್ತನೇದು ಆಂಬುಲೆನ್ಸಿನಾಗ ಐತಿ. ಬಾದಾಮಿಯಿಂದ ಪೇಷಂಟ್ ಕರಕೊಂಡು ಬಾಗಲಕೋಟಿಗೆ ಹೊಂಟೈತಂತ. ಡ್ರೈವರ್ ಫೋನ್ ಎತ್ತವಲ್ಲ."

ಬೆಂಚಿನಿಂದ ಶಿವಬಸವ್ವ ಎದ್ದು ನಿಂತಳು. "ಪಂಪ್ ಹಚ್ಯಾರೇನ್ರಿ ಅವರಿಗೆ?"

"ಹಚ್ಯಾರ," ಎಂದ ಕಲ್ಲಪ್ಪ. ಪದ್ಮಶ್ರೀ ತಾವೇ ಡ್ರೈವರ್‌ಗೆ ಫೋನ್ ಹಚ್ಚಿದರು. ಆ ಕಡೆ ರಿಂಗಾಗುತ್ತಲೇ ಇತ್ತು.