ಲಿಂಗಸುಗೂರಿಗೆ ಬಾರದವನು

"ಓಡು ಲೇ...! ಎಲ್ಲಾರೂ ಓಡಾಕತ್ತಾರ, ನೀ ಒಬ್ಬನ ಯಾಕ ಕಂಬದಂಗ ನಿಂತಿ?"

ನಾಗವೇಣಿಯ ಕೂಗಿಗೆ ಸಿಂಧನೂರು ಬಳಿಯ ಗೊರೇಬಾಳದ ಗದ್ದೆಯ ಕೊಕ್ಕರೆಗಳು ಎದ್ದು ಹಾರಿದವು. ಆ ಮನುಷ್ಯ ಮಾತ್ರ ಕದಲಲಿಲ್ಲ.

ಕೊಯ್ಲು ಮುಗಿದರೂ ಕೆಸರು ಆರದ ಗದ್ದೆಯಲ್ಲಿ ಬಡಿದಾಟದ ಚಿತ್ರೀಕರಣ. ಮೈಗೆ ಕೆಂಪು ಬಣ್ಣ ಬಳಿದುಕೊಂಡ ಊರ ಹುಡುಗರ ಕೈಯಲ್ಲಿ ರಬ್ಬರಿನ ಮಚ್ಚು, ರಬ್ಬರಿನ ದೊಣ್ಣೆ. ಮುಖಕ್ಕೆ ಟವೆಲ್ ಸುತ್ತಿಕೊಂಡ ಅವನೊಬ್ಬನಿಂದ ಮೂರನೇ ಸಲವೂ ದೃಶ್ಯ ಕೆಟ್ಟಿತ್ತು.

ಈ ದಶಕದಲ್ಲಿ ಹೆಸರು ಮಾಡಿದ ನಿರ್ದೇಶಕರು ಯಾರು ಎಂದು ಯಾರೇ ಬರೆಯಲಿ, ನಾಗವೇಣಿಯನ್ನು ಬಿಡುವಂತಿರಲಿಲ್ಲ. ಅವಳ ಸಿನಿಮಾದಲ್ಲಿ ಏಟು ಬಿದ್ದರೆ ನೋಡುವವರು ತಮ್ಮ ಕೆನ್ನೆ ಸವರಿಕೊಳ್ಳುತ್ತಾರೆ ಎಂಬ ಮಾತಿತ್ತು. ಹೆಣ್ಣುಮಗಳಿಗೆ ಇಷ್ಟೊಂದು ಸಿಟ್ಟು ಎಲ್ಲಿಂದ ಬಂತು ಎಂದು ಕೇಳಿದರೆ ಅವಳು ನಕ್ಕು ಮಾತು ಹಾರಿಸುತ್ತಿದ್ದಳು.

ಇವತ್ತು ನಗುವ ತಾಳ್ಮೆ ಇರಲಿಲ್ಲ. ದಾಪುಗಾಲು ಹಾಕಿ ಬಂದವಳೇ ಅವನ ಮುಖದ ಟವೆಲ್ ಎಳೆದಳು.

ಟವೆಲ್ ಅವಳ ಕೈಯಲ್ಲೇ ಉಳಿಯಿತು.

ಹುಲಿಗೇಶ...!

ಅದೇ ಕಣ್ಣು. ಅದೇ ಹುಬ್ಬಿನ ಮೇಲಿನ ಗಾಯದ ಗುರುತು. ಗಡ್ಡದಲ್ಲಿ ನಾಲ್ಕು ಬಿಳಿ ಕೂದಲು ಮಾತ್ರ ಹೊಸವು.

"ನಾಗಿ..." ಎಂದ ಅವನು ಮೆಲ್ಲಗೆ.

ಛಟೀರ್! ಅವಳ ಕೈ ಅವನ ಕೆನ್ನೆಗೆ ಬಿದ್ದಿತ್ತು.

"ಹೇಡಿ! ಆ ಹೆಸರು ನಿನ್ನ ಬಾಯಾಗ ಬರಬಾರದು!"

ಹನ್ನೊಂದು ವರ್ಷದ ಹಿಂದೆ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಅವಳು ಇವನಿಗಾಗಿ ಕಾದಿದ್ದಳು. ಸಿಂಧನೂರಿನಲ್ಲಿ ಹತ್ತಿದರೆ ಗುರುತಿನವರು ನೋಡುತ್ತಾರೆ, ಲಿಂಗಸುಗೂರಿಗೆ ಬಾ, ಅಲ್ಲಿಂದ ಬೆಂಗಳೂರಿಗೆ ಹೋಗಿ ಮದುವೆಯಾಗೋಣ ಎಂದವನು ಇವನೇ. ಜಾತಿ ಬೇರೆ, ಓಣಿ ಬೇರೆ, ಮನೆಯಲ್ಲಿ ಒಪ್ಪುವ ಮಾತೇ ಇರಲಿಲ್ಲ. ಬಸ್ಸುಗಳು ಬಂದವು, ಹೋದವು. ಹುಲಿಗೇಶ ಬರಲಿಲ್ಲ. ಅವನಿಗೆ ಫೋನ್ ಮಾಡಿದರೆ ಎತ್ತಿದವನು ಅವಳ ಅಣ್ಣ ಬೀರಲಿಂಗ.

"ನಾ ಜರಾ ಹೆದರಿಸಿದ್ದಕ್ಕ ಅಂವ ಫೋನು ನನ್ನ ಕೈಯಾಗ ಕೊಟ್ಟು ಓಡಿ ಹೋಗ್ಯಾನ. ಅಂಥಾವನ ಸಲುವಾಗಿ ಮನಿ ಬಿಟ್ಟೀಯೇನು?"

ವಾಪಸು ಹೋಗಲು ಅಭಿಮಾನ ಬಿಡಲಿಲ್ಲ. ಒಬ್ಬಳೇ ಬೆಂಗಳೂರು ಬಸ್ ಹತ್ತಿದಳು. ಅವಳ ಮೊದಲ ಚಿತ್ರದ ಕೊನೆಯಲ್ಲಿ ಪ್ರೇಮಿಯೊಬ್ಬ ಹೆದರಿ ಓಡಿ ಹೋಗುತ್ತಾನೆ. ಆ ದೃಶ್ಯಕ್ಕೇ ಅವಳಿಗೆ ಪ್ರಶಸ್ತಿ ಬಂದದ್ದು!

ಹೆಸರು ಬಂದರೆ ಕಿತ್ತುಹೋದ ಸಂಬಂಧವೂ ಚಿಗುರುತ್ತದಲ್ಲ! ಅಣ್ಣ ತಾನಾಗಿ ಬೆಂಗಳೂರಿಗೆ ಬಂದು ಅತ್ತ. ಊರಲ್ಲಿ ತಂಗಿಯ ಬ್ಯಾನರ್ ಕಟ್ಟಿಸಿದ. ಈ ಚಿತ್ರೀಕರಣಕ್ಕೆ ತನ್ನ ಗದ್ದೆಯನ್ನೇ ಬಿಟ್ಟುಕೊಟ್ಟು, ಕುರ್ಚಿ ಹಾಕಿಸಿಕೊಂಡು ಮೀಸೆ ತಿರುವುತ್ತಾ ಚಹಾ ಕುಡಿಯುತ್ತಿದ್ದ.

ಆ ಚಹಾದ ಲೋಟ ಈಗ ನೆಲಕ್ಕೆ ಬಿತ್ತು.

ಬೀರಲಿಂಗ ಎದ್ದು ಬಂದ. ಬರುವಾಗ ಟ್ರ್ಯಾಕ್ಟರ್ ಟ್ರಾಲಿಯಿಂದ ಒಂದು ದೊಣ್ಣೆ ಎಳೆದುಕೊಂಡ.

"ಅಣ್ಣಾ, ನೀ ಕುಂದರು. ಇವನ್ನ ನಾ..."

ಅವಳ ಮಾತು ಮುಗಿಯಲಿಲ್ಲ.

ಧಡ್!

ಹುಲಿಗೇಶನ ಬೆನ್ನಿಗೆ ಏಟು ಬಿತ್ತು. ರಬ್ಬರಿನ ದೊಣ್ಣೆಗೆ ಸಪ್ಪಳ ಇರುವುದಿಲ್ಲ. ಸಿನಿಮಾದಲ್ಲಿ ಅದನ್ನು ಆಮೇಲೆ ಸ್ಟುಡಿಯೋದಲ್ಲಿ ಕೂತು ಸೇರಿಸುತ್ತಾರೆ. ಇದು ಇಲ್ಲೇ, ಈಗಲೇ ಕೇಳಿತ್ತು.

ಎರಡನೆಯ ಏಟು ತಲೆಗೆ. ರಕ್ತ ಕಿವಿಯ ಮೇಲಿಂದ ಹರಿದು ಅಂಗಿಯ ಕೆಂಪು ಬಣ್ಣದ ಜೊತೆ ಬೆರೆಯಿತು. ಅವನು ಓಡಲು ಎರಡು ಹೆಜ್ಜೆ ಇಟ್ಟ. ಬಲಗಾಲು ಮಡಚಲೇ ಇಲ್ಲ. ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದ.

"ಕಟ್! ಕಟ್...!" ನಾಗವೇಣಿ ಕಿರುಚಿದಳು.

ಯಾರು ಕೇಳಬೇಕು? ಇದೂ ಸಿನಿಮಾ ಎಂದುಕೊಂಡ ಹುಡುಗರು ಸಿಳ್ಳೆ ಹೊಡೆಯುತ್ತಿದ್ದರು. ಕ್ಯಾಮೆರಾಮನ್ ಇಲಿಯಾಸ್ ಗಾಬರಿಯಲ್ಲಿ ಕ್ಯಾಮೆರಾ ನಿಲ್ಲಿಸುವುದನ್ನೇ ಮರೆತಿದ್ದ.

ಬೀರಲಿಂಗ ಬಿದ್ದವನ ಎದೆಗೆ ಒದ್ದ. "ಅವತ್ತ ಒಂದು ಕಾಲು ಮುರದು ಕಾಲುವಿ ದಂಡಿಗಿ ಒಗದಿದ್ದೆ. ಬುದ್ಧಿ ಬರಲಿಲ್ಲೇನಲೇ? ಮತ್ತ ನನ್ನ ತಂಗಿ ಮುಂದ ಬಂದು ನಿಂತೀ? ಇವತ್ತ ಇನ್ನೊಂದೂ ಮುರೀತೀನಿ!"

ನಾಗವೇಣಿ ಹುಲಿಗೇಶನ ಮಡಚದ ಬಲಗಾಲು ನೋಡಿದಳು.

ಒಂದು ಕಾಲು... ಅವತ್ತು... ಹಾಗಾದರೆ ಇವನು ಓಡಿ ಹೋಗಲಿಲ್ಲ!

ಇಷ್ಟು ದಿನ ಹಾಲೆರೆದದ್ದು ಎಂಥ ಹಾವಿಗೆ ಎಂದು ಈಗ ಗೊತ್ತಾಯಿತು. ದೊಣ್ಣೆ ಮತ್ತೆ ಮೇಲೆದ್ದಾಗ ಅವಳು ನುಗ್ಗಿ ಹುಲಿಗೇಶನ ಮೇಲೆ ಬಿದ್ದಳು. ಏಟು ಅವಳ ಎಡ ಮುಂಗೈಗೆ ಬಿತ್ತು. ಮೂಳೆ ಲಟಕ್ಕೆಂದಿತು.

"ಲೇ ನಾಗಿ, ಬಾಜೂಕ ಸರಿ!"

ಅವಳು ಸರಿಯಲಿಲ್ಲ. ಬಲಗೈಯಿಂದ ದೊಣ್ಣೆ ಹಿಡಿದು ಎಳೆದಳು. ಅಣ್ಣ ಜಾರಿ ಬಿದ್ದ. ಈಗ ದೊಣ್ಣೆ ಅವಳ ಕೈಯಲ್ಲಿತ್ತು, ಅಣ್ಣನ ಮೊಣಕಾಲು ಅವಳ ಕಣ್ಣೆದುರಿಗಿತ್ತು. ಹನ್ನೊಂದು ವರ್ಷದ ಸಿಟ್ಟಿಗೆ ಇವತ್ತು ಸರಿಯಾದ ಜಾಗ ಸಿಕ್ಕಿತ್ತು. ದೊಣ್ಣೆ ಎತ್ತಿಯೇಬಿಟ್ಟಳು.

ಕೆಸರಾದ ಕೈಯೊಂದು ಅವಳ ಸೆರಗು ಹಿಡಿಯಿತು.

"ಬ್ಯಾಡ ನಾಗಿ... ಕುಂಟು ಕಾಲಿನ ಬಾಳ್ವೆ ನಾ ಮಾಡೀನಿ. ಆ ಕಷ್ಟ ಅಂವಗೂ ಬ್ಯಾಡ."

ಅವಳು ದೊಣ್ಣೆಯನ್ನು ದೂರ ಎಸೆದು, ಅಷ್ಟು ಜನರೆದುರು ಕೆಸರಿನಲ್ಲಿ ಕುಳಿತು ಹೋ ಎಂದು ಅತ್ತಳು. ಆಗ ಹುಡುಗರಿಗೆ ಇದು ಸಿನಿಮಾ ಅಲ್ಲವೆಂದು ತಿಳಿಯಿತು. ಓಡಿ ಬಂದು ಬೀರಲಿಂಗನನ್ನು ಅದುಮಿ ಹಿಡಿದರು.

ಸಂಜೆ, ಸಿಂಧನೂರಿನ ಆಸ್ಪತ್ರೆ. ಅವಳ ಕೈಗೆ ಪ್ಲಾಸ್ಟರ್, ಅವನ ತಲೆಗೆ ಹೊಲಿಗೆ. ಇಲಿಯಾಸ್ ಬಾಗಿಲಲ್ಲಿ ತಡವರಿಸಿದ.

"ಮೇಡಮ್, ಎಲ್ಲಾ ರೆಕಾರ್ಡ್ ಆಗೇತ್ರಿ. ನಿಮ್ಮಣ್ಣನ ಮಾತೂ... ಪೊಲೀಸರು ಕೇಳಾಕತ್ತಾರ. ಏನು ಮಾಡ್ಲಿ?"

ಒಡಹುಟ್ಟಿದವನು. ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆ ದಾಟಿಸಿದವನು. ನಾಗವೇಣಿ ಕಣ್ಣು ಮುಚ್ಚಿ ತೆರೆದಳು.

"ಕೊಡು. ಕಂಪ್ಲೇಂಟ್ ನಾನ ಬರದು ಕೊಡ್ತೀನಿ."

ಇಲಿಯಾಸ್ ಹೋದ ಮೇಲೆ ಇಬ್ಬರೇ ಉಳಿದರು. ಅವಳು ಅವನ ಕಾಲನ್ನೇ ನೋಡುತ್ತಿದ್ದಳು.

"ಒಂದು ಮಾತು ಹೇಳಾಕ ಆಗಲಿಲ್ಲೇನು ನಿನಗ?"

"ಹೇಳಿದ್ರ ನೀ ತಿರುಗಿ ಬರ್ತಿದ್ದಿ. ಬಂದಿದ್ರ ನಿನ್ನ ಸುಮ್ನ ಬಿಡ್ತಿದ್ನೇನು ಅಂವ?"

"ನಾ ನಿನ್ನ ಹೇಡಿ ಅಂತ ಊರಿಗೆಲ್ಲಾ ತೋರ್ಸೀನಿ..."

ಹುಲಿಗೇಶ ನಕ್ಕ. ಹೊಲಿಗೆ ಜಗ್ಗಿ ಮುಖ ಕಿವುಚಿದ. "ನೋಡೀನಿ. ಇಲ್ಲೇ ಸಿಂಧನೂರು ಟಾಕೀಸಿನಾಗ. ಅಂವ ಓಡಿ ಹೋಗೂ ಸೀನಿಗಿ ಎಲ್ಲಾರೂ ಬೈದ್ರು. ಅವರ ಜೋಡಿ ನಾನೂ ಬೈದೆ!"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅಳುವೇ ಗೆದ್ದಿತು.

"ಇವತ್ತ ಯಾಕ ಬಂದಿ ಮತ್ತ?"

"ನೀ ಬಂದೀ ಅಂತ ಗೊತ್ತಾತು. ಮುಖ ಮುಚ್ಕೊಂಡು ಒಮ್ಮೆ ನೋಡಿ ಹೋಗೋಣು ಅಂದ್ಕೊಂಡೆ. ನೀ ಓಡು ಅಂತೀ ಅಂತ ಯಾರಿಗಿ ಗೊತ್ತಿತ್ತು?"

ಅವಳು ಪ್ಲಾಸ್ಟರ್ ಇಲ್ಲದ ಕೈಯಿಂದ ತಾನು ಹೊಡೆದಿದ್ದ ಕೆನ್ನೆ ಮುಟ್ಟಿದಳು. "ಮದಿವಿ ಆಗೀಯೇನು?"

"ಮಸ್ಕಿಯೊಳಗ ಮೋಟಾರ್ ವೈಂಡಿಂಗ್ ಅಂಗಡಿ ಐತಿ. ಮನಿಯೊಳಗ ಯಾರೂ ಇಲ್ಲ. ನೀ?"

"ಹೇಡಿ ಮ್ಯಾಲಿನ ಸಿಟ್ಟಿನಾಗ ಪುರಸೊತ್ತು ಎಲ್ಲಿತ್ತು...?" ಅವಳು ಅವನತ್ತ ಬಾಗಿದಳು. "ಹುಲಿಗೇಶಾ, ಲಿಂಗಸುಗೂರಿಗೆ ಈಗ ಬರ್ತೀಯೇನು? ಇನ್ನೂ ಕಾಯ್ತೀನಿ ನಾ."

ಅವನು ಅವಳ ಬೆರಳುಗಳನ್ನು ತನ್ನ ಅಂಗೈಯೊಳಗೆ ಮುಚ್ಚಿಕೊಂಡ.

"ಲಿಂಗಸುಗೂರಿನಾಗ ಒಬ್ಬಾಕಿನ ಕುಂತು ಕಾಯೋದು ಸಾಕು ನಾಗಿ. ಈ ಸಲ ನೀ ನಡುದಾರ್ಯಾಗ, ಮಸ್ಕಿಯೊಳಗ ಇಳಿ. ಅಲ್ಲಿಂದ ಇಬ್ಬರೂ ಕೂಡಿ ಬಸ್ ಹತ್ತೋಣು."