ಗುಲಾಬಿ ಕೊಕ್ಕು

ಮೀನಕ್ಕ ಬೀಸಿದ ಚೊಂಬು ಕೊಕ್ಕರೆಗೆ ಸರಿಯಾಗಿ ತಾಗಿತು. ತಾಗದೆ ಏನು? ದಿನವಿಡೀ ಡೆಂಟಲ್ ಲ್ಯಾಬಿನಲ್ಲಿ ಕೂತು ಕಂಡವರ ಬಾಯಿಗೆ ಹಲ್ಲಿನ ಸೆಟ್ಟು ಮಾಡುವ ಕೈ ಅದು, ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಆದರೆ ಏಟು ತಿಂದ ಕೊಕ್ಕರೆ ಹಾರಲಿಲ್ಲ, ಕೂಗಲಿಲ್ಲ. ಟಕ್ಕೆಂದು ಸದ್ದು ಮಾಡಿ, ನಿಂತ ಭಂಗಿಯಲ್ಲೇ ಹಿತ್ತಲಿನ ಕೊಳದ ದಂಡೆಯ ಮೇಲೆ ಅಡ್ಡಡ್ಡ ಉರುಳಿತು. ಕೊಕ್ಕು ಮುರಿದು ಚೂರಾಯಿತು.

"ಅದು ನಂದು ಮೇಡಂ," ಎಂದು ಕಾಂಪೌಂಡ್ ಗೋಡೆಯಾಚೆಯಿಂದ ಒಂದು ದನಿ ಬಂತು. "ನಿಜವಾದ್ದಲ್ಲ. ಫೈಬರ್‌ದು."

ಗೋಡೆಯ ಮೇಲೆ ಗಲ್ಲ ಊರಿಕೊಂಡು ನಿಂತಿದ್ದವನು ಬೊಂಬೆಯವನು. ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ಹೊಸ ಬಟ್ಟೆ ತೊಟ್ಟು ಆಳೆತ್ತರದ ಬೊಂಬೆಗಳು ನಿಂತಿರುತ್ತವಲ್ಲ, ಅವನ್ನು ಮಾಡುವವನು. ಹಿಂದುಗಡೆಯ ಶೆಡ್ಡನ್ನು ಬಾಡಿಗೆಗೆ ಹಿಡಿದು ಕೆಲವೇ ತಿಂಗಳಾಗಿತ್ತು. ಅವನ ಹುಬ್ಬಿನ ಮೇಲೆ ಯಾವಾಗಲೂ ಉಜ್ಜಿದ ಬಿಳಿ ಪುಡಿ ಕೂತಿರುತ್ತಿತ್ತು. ಆ ಪುಡಿಯ ಕೆಳಗಿನ ಕಣ್ಣುಗಳು ಈಗ ನಗಬೇಕೋ ಅಳಬೇಕೋ ಗೊತ್ತಾಗದೆ ಅವಳನ್ನೇ ನೋಡುತ್ತಿದ್ದವು.

ಇದೆಲ್ಲ ಒಂದೇ ಮನೆಯಲ್ಲಿದ್ದ ಅಣ್ಣ ಅತ್ತಿಗೆಯರಲ್ಲಿ ಅತ್ತಿಗೆಯ ಕಿತಾಪತಿ ಎಂದು ಆಮೇಲೆ ತಿಳಿಯಿತು. ಒಂದು ಬೂದು ಕೊಕ್ಕರೆ ಬಂದು ನಾದಿನಿಯ ಮೀನುಗಳನ್ನು ಒಂದೊಂದಾಗಿ ನುಂಗುತ್ತಿದೆ, ಅವಳು ಊಟ ಬಿಟ್ಟು ಕೂತಿದ್ದಾಳೆ ಎಂದು ಅತ್ತಿಗೆ ಬೊಂಬೆಯವನ ಮುಂದೆ ಗೋಳು ತೋಡಿಕೊಂಡಿದ್ದಳು. ಒಂದು ಕೊಕ್ಕರೆ ನಿಂತ ಕಡೆ ಇನ್ನೊಂದು ಇಳಿಯುವುದಿಲ್ಲ ಎಂದು ಅವನಿಗೆ ಯಾರೋ ಹೇಳಿದ್ದರಂತೆ. ಸರಿ, ಹಗಲು ರಾತ್ರಿ ಕೂತು ಒಂದು ಕೊಕ್ಕರೆ ಮಾಡಿ, ಬೆಳಗ್ಗೆ ಬೇಗನೆ ಗೋಡೆ ಹತ್ತಿ ಇಳಿದು, ಕೊಳದ ಪಕ್ಕ ನಿಲ್ಲಿಸಿ, ಮೀನಕ್ಕನ ಮುಖ ಅರಳುವುದನ್ನು ನೋಡಲು ಕಾದು ನಿಂತಿದ್ದ. ಪಾಪ, ನೋಡಿದ್ದು ಚೊಂಬನ್ನು.

ಮೀನುಗಳಿಗಾಗಿ ಇಷ್ಟೊಂದು ಯಾಕೆ ಎಂದು ಕೇಳಬೇಡಿ. ಅವು ಅಂಗಡಿಯಿಂದ ಕವರಿನಲ್ಲಿ ಕಟ್ಟಿಸಿಕೊಂಡು ಬಂದ ಮೀನುಗಳಲ್ಲ. ಯಾವ ಗಂಡಿಗೆ ಯಾವ ಹೆಣ್ಣು ಎಂದು ನೋಡಿ, ಮರಿ ಮಾಡಿಸಿ, ಮರಿಯಲ್ಲಿ ಆರಿಸಿ, ಮತ್ತೆ ಮರಿ ಮಾಡಿಸಿ, ಮೀನಕ್ಕ ವರ್ಷಗಟ್ಟಲೆ ಕೂತು ತರಿಸಿದ ಬಣ್ಣ ಅದು. ಮೈಯೆಲ್ಲ ಕಡುನೀಲಿ, ಈಜುರೆಕ್ಕೆಯ ಅಂಚಿಗೆ ಮಾತ್ರ ತಾಮ್ರದ ಗೆರೆ. ಮೀನು ಸಾಕುವವರ ಸಂಘದ ಅಧ್ಯಕ್ಷರು ಬಂದು ನೋಡಿ, ಇದು ಅದೃಷ್ಟಕ್ಕೆ ಬಂದ ಬಣ್ಣ, ಇವುಗಳ ಮರಿಗೂ ಇದೇ ಬಂದರೆ ಆಗ ಇದನ್ನು ನಿನ್ನ ತಳಿ ಅಂತ ಒಪ್ಪುತ್ತೇನೆ ಎಂದು ಹೇಳಿ ಹೋಗಿದ್ದರು. ಅದೃಷ್ಟ ಅಂತೆ. ಆ ಮಾತು ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಈಗ ಆ ಬಣ್ಣದಲ್ಲಿ ಉಳಿದಿದ್ದದ್ದು ಒಂದೇ ಜೋಡಿ. ಹೆಣ್ಣಿನ ಹೊಟ್ಟೆ ತುಂಬಿಕೊಳ್ಳುತ್ತಿತ್ತು. ಮೊಟ್ಟೆ ಇಡುವವರೆಗೆ ಎರಡೂ ಬದುಕಬೇಕಿತ್ತು, ಅಷ್ಟೇ.

ಬಲೆ ಹಾಕೇ ಎಂದು ಅತ್ತಿಗೆ ಹೇಳಿ ಹೇಳಿ ಸೋತಿದ್ದಳು. ನನ್ನ ಮೀನುಗಳನ್ನ ಜೈಲಲ್ಲಿ ಇಡಲ್ಲ ಎಂದು ಇವಳದು ಒಂದೇ ಹಟ. ಕೊಳವನ್ನು ತಾನೇ ಅಗೆದು, ತಾನೇ ಕಲ್ಲು ಕೂರಿಸಿ, ಒಂದು ಬದಿಗೆ ಸೆರಗು ಹಾಸಿದ ಹಾಗೆ ಇಳಿಜಾರು ಕಟ್ಟಿದವಳು. ಅದರ ಮೇಲೊಂದು ಬಲೆ ಎಳೆಯುವುದೆಂದರೆ ಒಳ್ಳೆಯ ಹಲ್ಲಿಗೆ ತಂತಿ ಸುತ್ತಿದ ಹಾಗೆ ಎನ್ನುತ್ತಿದ್ದಳು. ಜಂಬ ಅಂತೀರಾ? ಅನ್ನಿ. ಅವಳಿಗದು ಒಪ್ಪುತ್ತಿತ್ತು.

ಕೊಕ್ಕು ಮುರಿದ ತಪ್ಪಿಗೆ ರಿಪೇರಿ ತಾನೇ ಮಾಡಿಕೊಡುತ್ತೇನೆ ಎಂದು ಮೀನಕ್ಕ ಕೊಕ್ಕರೆ ಬೊಂಬೆಯನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಶೆಡ್ಡಿಗೇ ಹೋದಳು. ಲ್ಯಾಬಿನಿಂದ ಕೃತಕ ಹಲ್ಲು ಮಾಡುವ ಪುಡಿ, ವಸಡು ಮಾಡುವ ಪುಡಿ ಎರಡನ್ನೂ ತಂದಿದ್ದಳು. ಬರೀ ಹಲ್ಲಿನ ಬಣ್ಣ ಪೇಲವ ಅನ್ನಿಸಿ, ಅದಕ್ಕೆ ವಸಡಿನ ಗುಲಾಬಿ ಬೆರೆಸಿದಳು. ಕಲಸಿ, ಎಳೆದು, ತೀಡಿ, ಕೊನೆಗೆ ಹಲ್ಲಿಗೆ ಕೊಡುವ ಪಾಲಿಶ್ ಕೊಟ್ಟಳು. ತಲೆಯಿಲ್ಲದ ಬೊಂಬೆಗಳ ನಡುವೆ ಸ್ಟೂಲಿನ ಮೇಲೆ ಕೂತು ಅವನು ಅವಳ ಬೆರಳುಗಳನ್ನೇ ನೋಡುತ್ತಿದ್ದ. ಅವಳು ತಲೆ ಎತ್ತಿದಾಗಲೆಲ್ಲ ಪಕ್ಕದ ಬೊಂಬೆಯ ಭುಜ ಉಜ್ಜುತ್ತಿದ್ದ. ಆ ಭುಜ ಸವೆದೇ ಹೋಯಿತು.

"ನೀವು ಮಾಡಿದ ಹಲ್ಲು ಹಾಕ್ಕೊಂಡೋರು ಏನಂತಾರೆ ಮೇಡಂ?" ಎಂದು ಕೇಳಿದ.

"ಏನೂ ಅನ್ನಲ್ಲ. ಚೆನ್ನಾಗಿದ್ರೆ ಯಾರಿಗೂ ಗೊತ್ತೇ ಆಗಲ್ಲ. ಗೊತ್ತಾದ್ರೆ ಅದು ಕೆಟ್ಟ ಕೆಲಸ."

"ನಂದೂ ಅಷ್ಟೇ," ಎಂದ ಅವನು. "ಎಲ್ಲರೂ ಬಟ್ಟೆ ನೋಡ್ತಾರೆ, ಬೊಂಬೆನಲ್ಲ." ಭುಜ ಉಜ್ಜುವುದನ್ನು ನಿಲ್ಲಿಸಿ, "ನಾನು ನೋಡ್ತಾ ಇದೀನಿ. ನಿಮ್ಮ ಕೆಲಸನ," ಎಂದು ಸೇರಿಸಿದ.

ಮೀನಕ್ಕ ಪಾಲಿಶ್ ಬಟ್ಟೆಯನ್ನು ಸುಮ್ಮಸುಮ್ಮನೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅಷ್ಟು ವರ್ಷಗಳಲ್ಲಿ ಆ ಮಾತನ್ನು ಯಾರೂ ಅವಳಿಗೆ ಆಡಿರಲಿಲ್ಲ. ಮನೆಗೆ ಬಂದಮೇಲೂ ಅದು ಕಿವಿಯಲ್ಲೇ ಇತ್ತು.

ಬೊಂಬೆ ಮತ್ತೆ ಕೊಳದ ಪಕ್ಕ ನಿಂತಿತು. ಈಗ ಅದನ್ನು ನೋಡಿದರೆ ದೇವರಾಣೆಗೂ ಫೈಬರ್ ಎನ್ನುವ ಹಾಗಿರಲಿಲ್ಲ. ಬೊಂಬೆಯವನು ಮೂಲೆಯ ಟೀ ಅಂಗಡಿಯಲ್ಲಿ ಕೂತು, ನನ್ನ ಕೊಕ್ಕರೆ ಕಾವಲಿಗೆ ನಿಂತಮೇಲೆ ಹಕ್ಕಿ ಆ ಕಡೆ ಸುಳಿಯಲ್ಲ ಎಂದು ಬೀಗಿದ. ಬೀದಿಯವರು ಗೋಡೆಯ ಮೇಲಿಂದ ಇಣುಕಿ ಇಣುಕಿ ನೋಡಿ ಹೋದರು. ಎರಡು ದಿನ ಹಕ್ಕಿ ಸುಳಿಯಲೂ ಇಲ್ಲ.

ಮೂರನೆಯ ದಿನ ಅವನು ಯಾವುದೋ ನೆಪ ಮಾಡಿಕೊಂಡು ಮೀನಕ್ಕನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದಾಗ ನಿಜವಾದ ಕೊಕ್ಕರೆ ಬಂದು ಇಳಿಯಿತು. ಕಿಟಕಿಯಲ್ಲಿ ಅತ್ತಿಗೆಯೂ ಸೇರಿ ಮೂವರೂ ಉಸಿರು ಬಿಗಿಹಿಡಿದು ನಿಂತರು. ಹಕ್ಕಿ ಮೀನಿನ ಕಡೆ ನೋಡಲೇ ಇಲ್ಲ. ಬಾಯಲ್ಲೊಂದು ಕಡ್ಡಿ ಹಿಡಿದು, ಹೆಜ್ಜೆ ಎಣಿಸುತ್ತ ಬಂದು, ಬೊಂಬೆಯ ಕಾಲ ಬಳಿ ಇಟ್ಟು, ಕತ್ತು ಉದ್ದ ಮಾಡಿ ಬಾಗಿತು. ಅದರ ಕೊಕ್ಕೂ ಆಗ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಮೀನಕ್ಕ ಬೆರೆಸಿದ ಗುಲಾಬಿಯೇ. ಜೋಡಿ ಹುಡುಕುವ ಕಾಲದಲ್ಲಿ ಕೊಕ್ಕರೆಗಳಿಗೆ ಕೊಕ್ಕು ರಂಗೇರುತ್ತದೆ ಎಂದು ಇವರಿಗೇನು ಗೊತ್ತು?

"ಇದು ಮೀನಿಗೆ ಬಂದಿದ್ದಲ್ಲ ಕಣೇ," ಎಂದಳು ಅತ್ತಿಗೆ. "ಹೆಣ್ಣು ನೋಡೋಕೆ ಬಂದಿದೆ."

"ನನ್ನ ಬೊಂಬೆಗೆ ಮರುಳಾಗಿದೆ," ಎಂದು ಅವನು ಎದೆ ಉಬ್ಬಿಸಿದ.

"ಅದರ ಕೊಕ್ಕಿನ ಬಣ್ಣ ನೋಡಿ, ನಾನು ಬೆರೆಸಿದ್ದೇ. ಅದು ಮರುಳಾಗಿದ್ದು ನನ್ನ ಕೊಕ್ಕಿಗೆ," ಎಂದಳು ಮೀನಕ್ಕ.

ಮೈ ದೊಡ್ಡದೋ ಕೊಕ್ಕು ದೊಡ್ಡದೋ ಎಂದು ಇಬ್ಬರಲ್ಲೂ ಪಿಸುಪಿಸು ವಾದ ಹತ್ತಿತು. ಕಿಟಕಿ ಚಿಕ್ಕದು, ಅವನ ತೋಳು ಅವಳ ತೋಳಿಗೆ ತಾಗುತ್ತಿತ್ತು, ಇಬ್ಬರೂ ಸರಿಯಲಿಲ್ಲ. ಅವಳು ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಹೊರಗೆ ನೋಡುವುದನ್ನು ಬಿಟ್ಟು ಅವಳನ್ನು ನೋಡಿದ, ಅವಳೂ ಅವನನ್ನು ನೋಡಿದಳು.

ಅಷ್ಟೇ ಹೊತ್ತು. ಬಾಗಿದ್ದ ಹಕ್ಕಿ ಹಾಗೆಯೇ ತಿರುಗಿ, ಆ ಚಂದದ ಇಳಿಜಾರಿನಲ್ಲಿ ಎರಡು ಹೆಜ್ಜೆ ಇಳಿದು, ನೀರಿಗೆ ಚಕ್ಕನೆ ಕುಟುಕಿತು. ಕೊಕ್ಕಿನಲ್ಲಿ ನೀಲಿ ಗಂಡು ಮೀನು ಒದ್ದಾಡುತ್ತಿತ್ತು.

ಮೀನಕ್ಕ ಕಿರುಚಿಕೊಂಡು ಓಡಿದ ರಭಸಕ್ಕೆ ಹಕ್ಕಿ ಮೀನನ್ನು ಬಿಟ್ಟು ಹಾರಿತು. ಮೀನಿನ ಬೆನ್ನ ಮೇಲೆ ಆಳವಾದ ಗಾಯ, ಉಸಿರು ಮಾತ್ರ ಇತ್ತು. ಅವಳು ಅದನ್ನು ಬೊಗಸೆಯಲ್ಲಿ ಎತ್ತಿ ಉಪ್ಪುನೀರಿನ ಟಬ್ಬಿಗೆ ಬಿಟ್ಟಳು. ಹಿಂದೆ ಬಂದು ನಿಂತ ಬೊಂಬೆಯವನ ಕಡೆ ತಿರುಗಿಯೂ ನೋಡಲಿಲ್ಲ.

"ಅದು ಸಾಯ್ತಾ ಇದ್ದಾಗ ನಾನು ನಗ್ತಾ ಇದ್ದೆ," ಎಂದಳು. "ನೀವು ಹೋಗಿ. ನಿಮ್ಮ ಬೊಂಬೆನೂ ತಗೊಂಡು ಹೋಗಿ."

ಅವನು ಬೊಂಬೆಯನ್ನು ಹೊತ್ತುಕೊಂಡು ಹೋದ.

ಆಮೇಲಿನ ದಿನಗಳಲ್ಲಿ ಮೀನಕ್ಕ ಟಬ್ಬಿನ ಪಕ್ಕ ಬಿಟ್ಟು ಏಳಲಿಲ್ಲ. ನೀರು ಬದಲಿಸಿದಳು, ಗಾಯಕ್ಕೆ ಔಷಧ ಸವರಿದಳು, ಲ್ಯಾಬಿಗೆ ರಜೆ ಹಾಕಿದಳು. ಕೊಳದಲ್ಲಿದ್ದ ಹೆಣ್ಣಿಗೆ ಅತ್ತಿಗೆ ಬೆಳಗಿನಿಂದ ಸಂಜೆವರೆಗೆ ಪೊರಕೆ ಹಿಡಿದು ಕಾವಲು ಕೂತಳು. ಅಣ್ಣ ಮಾತ್ರ ಬಾಯಿ ತೆರೆಯಲಿಲ್ಲ. ಹೆಂಡತಿ, ತಂಗಿ ಇಬ್ಬರೂ ಹೀಗಿರುವಾಗ ಯಾವ ಗಂಡಸು ತೆರೆಯುತ್ತಾನೆ? ನಿಜ ಹೇಳಬೇಕೆಂದರೆ ಅವಳಿಗೆ ನೋಯುತ್ತಿದ್ದದ್ದು ಮೀನಿಗಾಗಿ ಮಾತ್ರವಲ್ಲ. ಗೋಡೆಯ ಮೇಲೆ ಯಾರೂ ಇಲ್ಲದ್ದೂ ನೋಯುತ್ತಿತ್ತು. ಹೋಗಿ ಎಂದವಳು ತಾನೇ, ಬನ್ನಿ ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ಒಂದು ಬೆಳಗ್ಗೆ ಅವನು ಗೇಟಿನಿಂದಲೇ ಬಂದ. ಹೆಗಲ ಮೇಲೆ ನೈಲಾನ್ ದಾರದ ಸುರುಳಿ, ಕೈಯಲ್ಲಿ ಒಂದಷ್ಟು ಗೂಟ. ಇಷ್ಟು ದಿನವೂ ಶೆಡ್ಡಿನ ಮಾಡಿನ ಮೇಲೆ ಕೂತು ಹಕ್ಕಿಯನ್ನೇ ನೋಡುತ್ತಿದ್ದನಂತೆ. ಅದು ನೇರವಾಗಿ ನೀರಿಗೆ ಇಳಿಯುವುದಿಲ್ಲ, ನೆಲಕ್ಕಿಳಿದು, ನಡೆದು, ಆಮೇಲೆ ನೀರಿಗೆ ಕಾಲಿಡುತ್ತದೆ, ಅದಕ್ಕೇ ಅದರ ಮೊಣಕಾಲಿನ ಎತ್ತರಕ್ಕೆ ಸುತ್ತ ದಾರ ಬಿಗಿದರೆ ಎಡವುತ್ತದೆ ಎಂದು ವಿವರಿಸಿದ. ಬಲೆ ಬೇಕಿಲ್ಲ. ದೂರಕ್ಕೆ ದಾರ ಕಾಣುವುದೂ ಇಲ್ಲ.

"ಇನ್ನೊಂದು ಮಾತು. ಬೈಬೇಡಿ," ಎಂದ. "ಈ ಇಳಿಜಾರು ಇದೆಯಲ್ಲ ಮೇಡಂ, ಇದು ಅದಕ್ಕೆ ಮೆಟ್ಟಿಲು."

ಮೀನಕ್ಕನ ಮೂಗು ಕೆಂಪಾಯಿತು. ಆ ಒಂದೊಂದು ಕಲ್ಲನ್ನೂ ತೊಳೆದು, ತಿರುಗಿಸಿ, ಮುಖ ನೋಡಿ ಕೂರಿಸಿದ್ದಳು. ನೋಡಲು ಬಂದವರೆಲ್ಲ ಮೀನಿಗಿಂತ ಮೊದಲು ಹೊಗಳುತ್ತಿದ್ದದ್ದು ಅದನ್ನೇ. ಅವನು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತ. ಅವಳು ಟಬ್ಬಿನತ್ತ ನೋಡಿದಳು, ಇಳಿಜಾರಿನತ್ತ ನೋಡಿದಳು.

"ಹಾರೆ ತಂದಿದ್ದೀರಾ?" ಎಂದು ಕೇಳಿದಳು.

ಸಂಜೆಯೊಳಗೆ ಇಳಿಜಾರು ಮಾಯವಾಗಿ, ದಂಡೆ ಗೋಡೆಯಂತೆ ನೆಟ್ಟಗೆ ನೀರಿಗಿಳಿಯಿತು. ಮೀನು ಅಡಗಲು ತಳಕ್ಕೆ ಮಣ್ಣಿನ ಪೈಪುಗಳು ಬಿದ್ದವು. ದಾರ ಬಿಗಿಯುವಾಗ ಒಂದು ತುದಿ ಅವನದು, ಒಂದು ತುದಿ ಅವಳದು. ಬಿಗಿ ಸಾಲದು ಎಂದು ಅವಳು ಎಳೆದರೆ ಜಾಸ್ತಿಯಾಯಿತು ಎಂದು ಅವನು ಬಿಡುತ್ತಿದ್ದ. ಗಂಟು ಹಾಕುವಾಗ ಬೆರಳಿಗೆ ಬೆರಳು ಸಿಕ್ಕಿಕೊಂಡು, ಬಿಡಿಸಿಕೊಳ್ಳುವ ಅವಸರ ಇಬ್ಬರಿಗೂ ಇರಲಿಲ್ಲ. ಬೊಂಬೆಯನ್ನು ಅವನು ಶೆಡ್ಡಿನ ಹಿಂದಿನ ಕಾಲುವೆಯಲ್ಲಿ ನಿಲ್ಲಿಸಿ ಬಂದ. ಆ ಬಕಧ್ಯಾನಿ ಕಡ್ಡಿ ಸಮೇತ ಅಲ್ಲಿಗೇ ವಾಸ ಬದಲಾಯಿಸಿತು. ಒಣಗಲಿಟ್ಟ ಬೊಂಬೆಗಳ ಭುಜದ ಮೇಲೆಲ್ಲ ಹಿಕ್ಕೆ ಹಾಕಿತು. ಅವನು ದಿನಾ ಒರೆಸಿದ.

ಗಂಡು ಮೀನು ಬದುಕಿತು. ಬೆನ್ನ ಮೇಲೆ ಕಲೆ ಹೊತ್ತುಕೊಂಡೇ ಕೊಳಕ್ಕಿಳಿದು, ಮೊದಲ ದಿನವೇ ಹೆಣ್ಣಿನ ಹಿಂದೆ ಬಿತ್ತು. ನೀರಗಿಡಗಳ ಬೇರಿಗೆ ಅಂಟಿದ ಮೊಟ್ಟೆಗಳನ್ನು ಮೀನಕ್ಕ ಬೇರೆ ಟಬ್ಬಿಗೆ ಸಾಗಿಸಿದಳು. ಮರಿಗಳು ಬಂದವು, ಮಣ್ಣಿನ ಬಣ್ಣದ, ಕಂಡರೂ ಕಾಣದಂಥ ಮರಿಗಳು. ಬಣ್ಣ ತಿರುಗುವುದನ್ನು ಇಬ್ಬರೂ ದಿನಾ ಬಗ್ಗಿ ನೋಡಿದರು. ವಾರಗಳಾದವು, ತಿಂಗಳುಗಳಾದವು. ಒಂದು ಮಧ್ಯಾಹ್ನ ಒಂದು ಮರಿ ಬಿಸಿಲಿಗೆ ಹೊರಳಿದಾಗ ರೆಕ್ಕೆಯಂಚಿನಲ್ಲಿ ತಾಮ್ರ ಮಿಂಚಿತು. ಮೀನಕ್ಕ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಅತ್ತುಬಿಟ್ಟಳು. ಅವನು ಪಕ್ಕದಲ್ಲಿ ಕೂತ.

ಅಧ್ಯಕ್ಷರು ಬಂದ ದಿನ ಹಿತ್ತಲ ತುಂಬ ಜನ. ಸಂಘದವರು, ಬೀದಿಯವರು, ಟೀ ಅಂಗಡಿಯವನು ಕೂಡ. ಅಧ್ಯಕ್ಷರು ಕನ್ನಡಕ ಏರಿಸಿ, ಇಳಿಸಿ, ಟಬ್ಬಿನ ಸುತ್ತ ತಿರುಗಿದರು. ಮರಿಗಳೆಲ್ಲ ಕಡುನೀಲಿ, ಎಲ್ಲದರ ಅಂಚಿಗೂ ತಾಮ್ರ. ಅವರು ನೆಟ್ಟಗೆ ಎದ್ದು ನಿಂತು, ದಾರ ಸರಿಮಾಡುತ್ತಿದ್ದ ಬೊಂಬೆಯವನ ಬಳಿಗೆ ಹೋಗಿ ಅವನ ಕೈ ಹಿಡಿದು ಕುಲುಕಿದರು.

"ಭೇಷ್. ಇದರ ಹಿಂದೆ ಯಾರೋ ಇರಬೇಕು ಅಂತ ನಂಗೆ ಆವತ್ತೇ ಅನ್ನಿಸಿತ್ತು," ಎಂದರು. "ತಳಿ ಕಟ್ಟೋದು ಅಂದ್ರೆ ಹುಡುಗಾಟನಾ?"

ಮೀನಕ್ಕ ಟಬ್ಬಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೊದಲು ಅದೃಷ್ಟ ಎಂದಿದ್ದರು, ಈಗ ಇನ್ನೊಬ್ಬರ ಕೈ.

ಬೊಂಬೆಯವನು ಕೈ ಬಿಡಿಸಿಕೊಂಡ. "ಸಾರ್, ಈ ಮೀನಿಗೆ ನಾನು ಮಾಡಿದ್ದು ಒಂದೇ. ಕೊಕ್ಕರೆನ ಕರೆದು ತಂದಿದ್ದು," ಎಂದ. ಟೀ ಅಂಗಡಿಯವನ ಕಡೆ ತಿರುಗಿ, ಅವನಿಗೂ ಕೇಳಲಿ ಎಂದು ದನಿ ಏರಿಸಿದ. "ನನ್ನ ಬೊಂಬೆ ಹಕ್ಕಿ ಓಡಿಸುತ್ತೆ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ದೆ. ಸುಳ್ಳು. ನನ್ನ ಬೊಂಬೆಯಿಂದಲೇ ಹಕ್ಕಿ ಮತ್ತೆ ಬಂದಿದ್ದು, ಆ ಗಂಡು ಮೀನು ಸಾಯೋ ಹಾಗಾಗಿದ್ದು. ಬದುಕಿಸಿದ್ದು ಇವರು. ಬಣ್ಣ ತರಿಸಿದ್ದು ಇವರು. ಇಂಥ ಕೈ ನಾನು ಎಲ್ಲೂ ನೋಡಿಲ್ಲ. ಹೆಸರು ಬರೆಯೋದಾದ್ರೆ ಇವರೊಬ್ಬರದೇ ಬರೀರಿ."

ಅಷ್ಟು ಜಂಬದ ಮನುಷ್ಯ ಅಷ್ಟು ಜನರ ಮುಂದೆ ತನ್ನ ಜಂಬವನ್ನು ತಾನೇ ಕಳಚಿ ನೆಲಕ್ಕಿಟ್ಟು, ತಲೆ ಎತ್ತಿ ನಿಂತಿದ್ದ. ಅವನ ಮುಖದಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. ಇದ್ದದ್ದು ಮೀನಕ್ಕನ ಮೇಲಿನ ಹೆಮ್ಮೆ, ಅದು ಅವಳಿಗೆ ಒಂದು ಕ್ಷಣ ತಡವಾಗಿ ತಿಳಿಯಿತು.

ಅಧ್ಯಕ್ಷರು ಪೆಚ್ಚಾಗಿ ಕೆಮ್ಮಿದರು. ಮೀನಕ್ಕನ ಮುಂದೆ ಬಂದು, ಇದು ನಿನ್ನ ತಳಿಯೇ ಕಣಮ್ಮ, ನಾನು ಎರಡು ಸಲ ತಪ್ಪಿದೆ ಎಂದು ಒಪ್ಪಿಕೊಂಡರು. ಆದರೂ ಕುತೂಹಲ ತಡೆಯಲಾಗದೆ ಬೊಂಬೆಯವನ ಕಡೆ ತಿರುಗಿ, "ಅಲ್ಲಪ್ಪ, ಹಾಗಾದ್ರೆ ನೀವು ಇವರಿಗೆ ಏನಾಗಬೇಕು?" ಎಂದು ಕೇಳಿಯೇಬಿಟ್ಟರು.

ಇಷ್ಟು ಹೊತ್ತು ಗಟ್ಟಿಯಾಗಿ ಮಾತಾಡಿದವನ ದನಿ ಅಲ್ಲಿಗೆ ನಿಂತಿತು. ಕಿವಿಯವರೆಗೂ ಕೆಂಪಾಗಿ, ಹುಬ್ಬಿನ ಪುಡಿ ಒರೆಸಿಕೊಂಡು, ನೆಲ ನೋಡಿದ.

"ನನ್ನ ಗಂಡ ಆಗ್ಬೇಕು," ಎಂದಳು ಮೀನಕ್ಕ. "ಅವರನ್ನ ಇನ್ನೂ ಕೇಳಿಲ್ಲ. ಈಗ ಕೇಳ್ತಾ ಇದೀನಿ."

ಅತ್ತಿಗೆಯ ಕೈಯಲ್ಲಿದ್ದ ಕಾಫಿ ಟ್ರೇ ಓಲಾಡಿತು, ಅಣ್ಣ ಹಿಡಿದುಕೊಂಡ. ಬೊಂಬೆಯವನು ತಲೆ ಎತ್ತಿ ಅವಳನ್ನು ನೋಡಿದ. ಈ ಸಲ ಅವನು ನೋಟ ತಪ್ಪಿಸಲಿಲ್ಲ.

"ಹೂಂ," ಎಂದ ಅವನು. ಅದು ಅವನಿಗೇ ಕೇಳಿಸಿತೋ ಇಲ್ಲವೋ. ಹಿತ್ತಲ ತುಂಬ ಇದ್ದವರು ಗಟ್ಟಿಯಾಗಿ ಹೇಳಪ್ಪ ಎಂದು ಗಲಾಟೆ ಎಬ್ಬಿಸಿದರು. ಮೀನಕ್ಕ ಮಾತ್ರ, ತನಗೆ ಕೇಳಿಸಿತು, ಅಷ್ಟು ಸಾಕು ಎಂದು ಹೇಳಿ, ಎಲ್ಲರ ಎದುರಿಗೇ ಅವನ ಕೈ ಹಿಡಿದುಕೊಂಡಳು.